ಗ್ಯಾರೇಜ್ ಪಕ್ಕದ ತಾರಸಿ

ಬಾಡಿಗೆ ಮನೆ ನೋಡಲು ಹೋದವರು ಅಡುಗೆಮನೆ ನೋಡುತ್ತಾರೆ, ನಲ್ಲಿ ತಿರುಗಿಸಿ ನೀರು ಬರುತ್ತದಾ ಅಂತ ನೋಡುತ್ತಾರೆ. ಜಯಲಕ್ಷ್ಮಮ್ಮ ಮಾತ್ರ ಮನೆಯ ಬೀಗ ತೆಗೆಯುವ ಮೊದಲೇ "ಮೇಲಕ್ಕೋಗೋ ಮೆಟ್ಲು ಎಲ್ಲದೆ?" ಅಂತ ಕೇಳುತ್ತಿದ್ದರು. ತಾರಸಿ ಹತ್ತಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಂದು ಸುತ್ತು ಹಾಕಿ, ಕಣ್ಣಿಗೆ ಕೈ ಅಡ್ಡ ಹಿಡಿದು ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಅಂತ ಅಂದಾಜು ಮಾಡುವರು. ಅದು ಒಪ್ಪಿಗೆಯಾದರೆ ಮಾತ್ರ ಕೆಳಗಿಳಿದು ಮನೆಯೊಳಕ್ಕೆ ಕಾಲಿಡುವುದು.

ಅವರ ಸಂಸಾರ ನಡೆಯುತ್ತಿದ್ದದ್ದೇ ಬಿಸಿಲಿನಿಂದ. ಉದ್ದಿನ ಹಪ್ಪಳ, ಅರಳು ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ಪಾಂಡವಪುರದ ನಾಲ್ಕು ಅಂಗಡಿಗಳಿಗೆ, ಶ್ರೀರಂಗಪಟ್ಟಣದ ಎರಡು ಹೋಟೆಲಿಗೆ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಮದುವೆ ಅಡುಗೆ ಮಾಡುವವರಿಗೆ ಅವರ ಡಬ್ಬಿಗಳೇ ಹೋಗುತ್ತಿದ್ದವು. ನಮ್ಮ ಬೀದಿಯಲ್ಲಿ ನಾನೂ ಒಬ್ಬ ಗಿರಾಕಿ. ಹಾಗಾಗಿ ಈ ಮನೆಯ ಕತೆ ಸ್ವಲ್ಪ ಕಣ್ಣಾರೆ ಕಂಡದ್ದು, ಉಳಿದದ್ದು ಅವರ ಬಾಯಲ್ಲೇ ಕೇಳಿದ್ದು.

ಅವರು ನಾಗಮಂಗಲದ ಆಚಾರರ ಮನೆಯ ಮಗಳು. ಅಪ್ಪ ಹಿತ್ತಾಳೆ ಕೆಲಸದವರು. ಮದುವೆಯಾಗಿ ಪಾಂಡವಪುರಕ್ಕೆ ಬಂದರು. ಗಂಡ ಪುಟ್ಟಸ್ವಾಮಿ ಬಡಗಿ, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಹದಿಮೂರು ವರ್ಷದ ಹಿಂದೆ ಮರದ ಮಿಲ್ಲಿನಲ್ಲಿ ಗರಗಸಕ್ಕೆ ಸಿಕ್ಕಿ ಅವರ ಎಡಗೈನ ಎರಡು ಬೆರಳು ಹೋದವು. ಗಾಯ ಮಾಗಿದರೂ ಆ ಮನುಷ್ಯ ಏಳು ತಿಂಗಳು ಉಳಿ ಮುಟ್ಟಲಿಲ್ಲ, ಜಗಲಿ ಬಿಟ್ಟು ಏಳಲಿಲ್ಲ. ಮಗಳು ಹರ್ಷಿತ ಆಗಿನ್ನೂ ಮೂರನೇ ಕ್ಲಾಸು. ಆ ಬೇಸಿಗೆಯಲ್ಲಿ ಜಯಲಕ್ಷ್ಮಮ್ಮ ಮನೆಯಲ್ಲಿದ್ದ ಅಕ್ಕಿ ನೆನೆಹಾಕಿ ಸಂಡಿಗೆ ಇಟ್ಟು ಅಂಗಡಿಗೆ ಒಯ್ದರು. ಉಪ್ಪು ಜಾಸ್ತಿಯಾಗಿದೆ ಅಂತ ಅಂಗಡಿಯವನು ವಾಪಸ್ ಕೊಟ್ಟ. ಎರಡನೇ ಸಲದ್ದನ್ನು ಇಟ್ಟುಕೊಂಡ. ಮೂರನೇ ಸಲ ಅವನೇ ಮನೆ ಹುಡುಕಿಕೊಂಡು ಬಂದ. ಸಂಡಿಗೆ ಒತ್ತುವ ಹಲಗೆ ಸರಿಯಿಲ್ಲ ಅಂತ ಹೆಂಡತಿ ಗೊಣಗುತ್ತಿದ್ದದ್ದು ಕೇಳಿ ಪುಟ್ಟಸ್ವಾಮಿ ಒಂದು ದಿನ ಎದ್ದು, ಉಳಿ ಹುಡುಕಿ, ಹೊಸ ಹಲಗೆ ಮಾಡಿಕೊಟ್ಟರು. ಅಲ್ಲಿಂದ ಮತ್ತೆ ಸಣ್ಣಪುಟ್ಟ ಕೆಲಸ ಹಿಡಿದರು.

ಹೋದ ವರ್ಷ ಆಯುಧಪೂಜೆ ಮುಗಿದ ವಾರವೇ ಅವರಿದ್ದ ಮನೆಯ ಮಾಲೀಕರು ಮೇಲೊಂದು ಮಹಡಿ ಕಟ್ಟುತ್ತೇವೆ ಅಂದರು. ತಾರಸಿ ಹೋದ ಮೇಲೆ ಆ ಮನೆ ಇದ್ದರೇನು, ಬಿಟ್ಟರೇನು! ಗಂಡ ಹೆಂಡತಿ ಮನೆ ಹುಡುಕಲು ಹೊರಟರು.

ಮೊದಲು ಗಂಜಾಂನಲ್ಲಿ ಒಂದು ನೋಡಿದರು. ಹೊಳೆ ಗಾಳಿ, ಒಳ್ಳೆಯ ಜನ. ತಾರಸಿ ಹತ್ತಿದರೆ ನೀರಿನ ಟ್ಯಾಂಕಿನ ಮೇಲೆ ಎಂಟು ಕೋತಿಗಳು ಸಾಲಾಗಿ ಕುಂತು ಇವರನ್ನೇ ನೋಡುತ್ತಿದ್ದವು. ಬಂದ ಹಾಗೇ ಇಳಿದುಬಂದರು. ಕೆ.ಆರ್. ಪೇಟೆ ರಸ್ತೆಯ ಮನೆಗೆ ತೆಂಗಿನ ಮರದ ನೆರಳು. ಹನ್ನೊಂದಕ್ಕೆ ಬಂದ ಬಿಸಿಲು ಎರಡಕ್ಕೆಲ್ಲ ಮಾಯ. ಇನ್ನೊಂದು ಕಡೆ ತಾರಸಿಯ ಬಾಗಿಲಿಗೆ ಬೀಗ, ಬೀಗದ ಕೈ ಮೈಸೂರಿನಲ್ಲಿ. "ಬಟ್ಟೆ ಒಣಗಾಕೋಕೇ ಬಿಡಲ್ಲ, ನೀವು ಸಂಡಿಗೆ ಅಂತೀರಲ್ಲ" ಅಂತ ಅಲ್ಲಿಯ ಕೆಳಮನೆಯವರು ನಕ್ಕರು.

ಹೀಗಿರುವಾಗ ನಮ್ಮ ಬೀದಿಯ ಕೊನೆಯಲ್ಲಿ ಬೆಟ್ಟಮ್ಮನವರ ಮನೆಯ ಮೇಲ್ಭಾಗ ಖಾಲಿಯಿದೆ ಅಂತ ನಾನೇ ಹೇಳಿದೆ. ಬೆಟ್ಟಮ್ಮ ಎಪ್ಪತ್ತು ದಾಟಿದವರು, ಮಕ್ಕಳು ಗದ್ದೆ ನೋಡಿಕೊಳ್ಳುತ್ತಾರೆ, ಇವರು ಹಿತ್ತಲಲ್ಲಿ ಮೂರು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾರೆ. ಜಯಲಕ್ಷ್ಮಮ್ಮ ತಾರಸಿ ಹತ್ತಿದವರು ಅಲ್ಲೇ ನಿಂತುಬಿಟ್ಟರು. ಮರವಿಲ್ಲ, ಟವರಿಲ್ಲ, ಪಕ್ಕದ ಮನೆಯ ಗೋಡೆಯಿಲ್ಲ. ದೂರದಲ್ಲಿ ಕುಂತಿಬೆಟ್ಟ. ಬೆಳಗಿನಿಂದ ಸಂಜೆಯವರೆಗೆ ಬಿಸಿಲಿಗೆ ಎಲ್ಲೂ ಅಡ್ಡಿಯಿಲ್ಲ. ಪುಟ್ಟಸ್ವಾಮಿ ಕೂಡ ಅಪರೂಪಕ್ಕೆ ಬಾಯಿಬಿಟ್ಟು "ಇದೇ ಆಗ್ಲಿ" ಅಂದರು.

ಆಗ ಕಾಂಪೌಂಡಿನ ಆಚೆಯಿಂದ ಟಣ್ ಟಣ್ ಅಂತ ಶುರುವಾಯಿತು. ಬಗ್ಗಿ ನೋಡಿದರೆ ತಗಡಿನ ಶೆಡ್ಡು, ಏಳೆಂಟು ಕಾರು, ಬಾಗಿಲು ಬಿಚ್ಚಿಟ್ಟದ್ದು, ಬಾನೆಟ್ಟು ತೆಗೆದದ್ದು. ರಸ್ತೆ ಕಡೆ ಬೋರ್ಡು: ನಿಂಗರಾಜು ಕಾರ್ ಗ್ಯಾರೇಜ್, ಟಿಂಕರಿಂಗ್ ಮತ್ತು ಪೇಂಟಿಂಗ್.

ಬೆಟ್ಟಮ್ಮ ಮುಚ್ಚಿಡಲಿಲ್ಲ. "ಸದ್ದದೆ, ನಾನ್ಯಾಕೆ ಸುಳ್ಳೇಳ್ಲಿ. ಬಣ್ಣ ಒಡೆಯೋವಾಗ ವಾಸ್ನೆನೂ ಬತ್ತದೆ. ಅದ್ಕೇ ಎಂಟು ತಿಂಗ್ಳಿಂದ ಯಾರೂ ಬಂದಿಲ್ಲ ಕಣವ್ವ. ನೋಡ್ಕಂಡು ಯೋಳು."

"ನೋಡ್ಕಂಡೇ ಹೇಳ್ತೀನಿ. ಒಂದು ವಾರ ತಾರಸಿ ಬೀಗದ ಕೈ ಕೊಡ್ತೀರಾ?" ಅಂದರು ಜಯಲಕ್ಷ್ಮಮ್ಮ.

"ಮನೆ ನೋಡಕೆ ಒಂದು ವಾರವಾ?"

"ಮನೆ ನೋಡಾಯ್ತು. ಇನ್ನು ಗಾಳಿ ನೋಡ್ಬೇಕು."

ಮಾರನೇ ದಿನ ಒಂಬತ್ತಕ್ಕೆಲ್ಲ ಹಾಜರು. ತಾರಸಿ ಗುಡಿಸಿ, ಗಂಡನ ಒಂದು ಬಿಳಿ ಪಂಚೆಯನ್ನು ಒದ್ದೆ ಮಾಡಿ ಹರಡಿ, ನಾಲ್ಕು ಮೂಲೆಗೆ ಕಲ್ಲಿಟ್ಟರು. ಪಕ್ಕದಲ್ಲಿ ಛತ್ರಿ ಬಿಡಿಸಿಕೊಂಡು, ಉದ್ದಿನಬೇಳೆ ಆರಿಸುತ್ತ ಕುಳಿತರು. ಗ್ಯಾರೇಜು ಒಂಬತ್ತೂವರೆಗೆ ತೆಗೆಯಿತು. ಸುತ್ತಿಗೆ ಸದ್ದು ಅವರಿಗೆ ಏನೂ ಅನ್ನಿಸಲಿಲ್ಲ. ಹಿತ್ತಾಳೆ ಬಡಿಯುವ ಮನೆಯಲ್ಲಿ ತೊಟ್ಟಿಲು ತೂಗಿಸಿಕೊಂಡವರು. ಆದರೆ ಯಾರೋ ಹಾರನ್ ರಿಪೇರಿ ಮಾಡಿ, ಸರಿಯಾಯಿತಾ ಅಂತ ಹತ್ತು ಸಲ ಒತ್ತಿದಾಗ ಮೊರದ ಬೇಳೆ ಮಡಿಲಿಗೆ ಬಿತ್ತು. ಸಂಜೆ ಪಂಚೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಸ್ವಲ್ಪ ದೂಳು, ಒಂದು ಕಾಗೆ ಹಿಕ್ಕೆ. ಪರವಾಗಿಲ್ಲ.

ಎರಡನೇ ದಿನವೂ ಅಷ್ಟೇ. ಮೂರನೇ ದಿನ ಮಧ್ಯಾಹ್ನ ಶೆಡ್ಡಿನಿಂದ ಸುಸ್ ಅಂತ ಸದ್ದು ಬಂತು, ಮೂಗಿಗೆ ಘಾಟು ಹತ್ತಿತು. ಮೂರು ಗಂಟೆಗೆ ಪಂಚೆ ನೋಡಿದರೆ ಒಂದು ಅಂಚಿನ ತುಂಬ ಸಣ್ಣ ಸಣ್ಣ ಕೆಂಪು ಚುಕ್ಕೆ. ರಾಗಿ ಕಾಳಿನ ಕಾಲು ಭಾಗವೂ ಇಲ್ಲ ಒಂದೊಂದು. ಉಗುರಿನಲ್ಲಿ ಕೆರೆದರೆ ಹೋಗುವುದಿಲ್ಲ.

ಅವರ ಮುಖ ಇಳಿದುಹೋಯಿತು. ಆದಿಚುಂಚನಗಿರಿಯಲ್ಲಿ ನರ್ಸಿಂಗ್ ಓದುತ್ತಿರುವ ಹರ್ಷಿತಳಿಗೆ ಫೋನ್ ಮಾಡಿದರು. ಮಗಳು ಎರಡನೇ ಮಾತು ಆಡಲಿಲ್ಲ. "ಅಮ್ಮ, ಬೇಡವೇ ಬೇಡ. ಅದನ್ನ ಜನ ಕರಿದು ತಿಂತಾರೆ. ನಿಂಗೂ ಅಪ್ಪಂಗೂ ಆ ಗಾಳಿ ಒಳ್ಳೇದಲ್ಲ."

"ನಾನೇನು ಬಣ್ಣ ತಿನ್ನಿಸ್ತೀನಿ ಅಂದ್ನಾ? ನಾಳೆ ಬೀಗದ ಕೈ ಕೊಟ್ಬುಡ್ತೀನಿ" ಅಂದರು ಅಮ್ಮ. ಆ ರಾತ್ರಿ ಊಟಕ್ಕೆ ಕುಳಿತಾಗ ಗಂಡನಿಗೆ ಇಷ್ಟೇ ಹೇಳಿದರು: "ಅಂಥಾ ಬಿಸಿಲು ಇನ್ನೆಲ್ಲಿ ಸಿಗ್ತದೆ?"

ನಾಲ್ಕನೇ ದಿನ ಪಂಚೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಬೀಗದ ಕೈ ಕೊಡಲು ಹೋದರು. ಪುಟ್ಟಸ್ವಾಮಿಯೂ ಜೊತೆಗಿದ್ದರು. ಬೆಟ್ಟಮ್ಮನವರ ಜಗಲಿಯಲ್ಲಿ ನಲವತ್ತರ ಆಸುಪಾಸಿನ ಒಬ್ಬ ಮನುಷ್ಯ, ತೋಳಿನವರೆಗೆ ಗ್ರೀಸು, ಕೈ ಆಡಿಸುತ್ತ ಮಾತಾಡುತ್ತಿದ್ದ. ಅವನೇ ನಿಂಗರಾಜು.

"ಅವ್ವಾ, ಯಾರಿಗಾದ್ರೂ ಕೊಡಿ, ಸಂಡಿಗೆ ಮಾಡೋರಿಗೆ ಮಾತ್ರ ಮನೆ ಕೊಡ್ಬ್ಯಾಡಿ. ಇಂದೆ ಇದ್ದೋರು ಮೇಲೆ ಅಕ್ಕಿ ಒಣಗಾಕಿ ನಂಗೇನಾಯ್ತು ಗೊತ್ತಲ್ಲ? ಊರ ಕಾಗೆಯೆಲ್ಲ ಇಲ್ಲೇ. ಶ್ರೀರಂಗಪಟ್ಟಣದೋರ ಬಿಳಿ ಕಾರು, ಹಸಿ ಬಣ್ಣ, ಬಾನೆಟ್ ಮೇಲೆ ಈ ಕಡೆಯಿಂದ ಆ ಕಡೆಗೆ ನಡ್ಕಂಡೋಗವೆ! ಅಷ್ಟೂ ಉಜ್ಜಿ ಇನ್ನೊಂದ್ಸಲ ಒಡ್ದೆ. ಈಗ ಸಂಡಿಗೆ ಅಂದ್ರೆ ಅದು ಕಾಗೆಗಳಿಗೆ ಮದ್ವೆ ಊಟ!"

ಜಯಲಕ್ಷ್ಮಮ್ಮ ಬಾಗಿಲಲ್ಲೇ ನಿಂತರು. ಬೇಡ ಅನ್ನಲು ಬಂದಿದ್ದವರಿಗೆ, ತಮ್ಮನ್ನೇ ಯಾರೋ ಬೇಡ ಅನ್ನುತ್ತಿರುವುದು ಕೇಳಿ ಮೈ ಉರಿಯಿತು.

"ಏನಪ್ಪ, ಮನೆ ಬೆಟ್ಟಮ್ಮನೋರದ್ದು, ಬಾಡಿಗೆ ಕೊಡೋಳು ನಾನು. ನಡುವೆ ನೀನು ಯಾರು?"

ನಿಂಗರಾಜು ತಿರುಗಿ ನೋಡಿ ತಬ್ಬಿಬ್ಬಾದ. "ಅಂಗಲ್ಲ ಕಣಕ್ಕಾ, ಕಾಗೆ..."

"ಕಾಗೆ ನಿನ್ನ ಬಣ್ಣದ ಮೇಲೆ ನಡೀತು. ನಿನ್ನ ಬಣ್ಣ ಎಲ್ಲೆಲ್ಲಿ ನಡೀತದೆ ನೋಡ್ತೀಯಾ?" ಚೀಲದಿಂದ ಪಂಚೆ ತೆಗೆದು ಅವನ ಮುಂದೆ ಹರವಿದರು.

ಅವನು ಜಗಳಕ್ಕೆ ಬರುತ್ತಾನೆ ಅಂತ ಎಲ್ಲರೂ ಅಂದುಕೊಂಡರು. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕುಕ್ಕರುಗಾಲಲ್ಲಿ ಕುಳಿತು, ಪಂಚೆಯ ಅಂಚು ಹಿಡಿದು ತುಂಬ ಹೊತ್ತು ನೋಡಿದ.

"ಇದು ನಿನ್ನೆ ಒಡ್ದಿದ್ದು. ಒಂದು ಕೆಂಪು ಗಾಡಿ ಬಣ್ಣ," ಅಂದ. "ಇಷ್ಟೆತ್ತರಕ್ಕೆ ಆರ್ತದಾ? ನಾನು ಕಾಂಪೌಂಡ್ ಒಳಗೇ ಉದುರ್ತದೆ ಅನ್ಕಂಡಿದ್ದೆ." ಆಮೇಲೆ ಸಣ್ಣ ದನಿಯಲ್ಲಿ, "ಅಂಗಾದ್ರೆ ನಾನು ದಿನಾ ಎಷ್ಟು ಕುಡೀತಾ ಇರ್ಬೌದು?"

ಜಯಲಕ್ಷ್ಮಮ್ಮನ ಕೋಪ ಅಲ್ಲಿಗೆ ಅರ್ಧ ಇಳಿಯಿತು. ಮಗಳು ಫೋನಿನಲ್ಲಿ ಹೇಳಿದ್ದನ್ನು ಅವನಿಗೂ ಹೇಳಿದರು. ಮೂಗಿಗೆ ಟವಲ್ಲು ಕಟ್ಟಿಕೊಂಡರೆ ಸಾಲದು, ಅದಕ್ಕೆ ಅಂತಲೇ ಮಾಸ್ಕು ಬರುತ್ತದೆ, ತಗೊ ಅಂದರು. ಬೆಟ್ಟಮ್ಮ ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದರು.

ಈ ಮಾತೆಲ್ಲ ನಡೆಯುವಾಗ ಪುಟ್ಟಸ್ವಾಮಿ ಅಲ್ಲಿರಲಿಲ್ಲ. ಯಾರಿಗೂ ಹೇಳದೆ ಗ್ಯಾರೇಜಿಗೆ ಹೋಗಿ, ಬಣ್ಣ ಹೊಡೆಯುವ ಜಾಗ ನೋಡಿ, ಹೆಜ್ಜೆಯಲ್ಲಿ ಅಳತೆ ಹಾಕಿಕೊಂಡು ಬಂದಿದ್ದರು. ಕಾಫಿ ಲೋಟ ತೆಗೆದುಕೊಂಡು ಅಂದರು: "ಶೆಡ್ಡಿಗೆ ಮೂರು ಕಡೆ ಗೋಡೆ ಇಲ್ಲ. ಮರದ ರೀಪು ಹೊಡೆದು ಪ್ಲಾಸ್ಟಿಕ್ ಕಟ್ಟಿದ್ರೆ ಒಂದು ರೂಮಾಗ್ತದೆ. ಗಾಳಿ ಹೋಗೋಕೆ ಖಾಲಿ ಸೈಟಿನ ಕಡೆಗೆ ಒಂದು ಫ್ಯಾನು. ಸಂಡಿಗೆ ತಟ್ಟೆಗೆ ಸೊಳ್ಳೆಪರದೆ ಬಟ್ಟೇದು ಮುಚ್ಚಳ ಮಾಡ್ತೀನಿ. ಕೊಕ್ಕು ಹಾಕೋಕೆ ಏನೂ ಸಿಗ್ದಿದ್ರೆ ಕಾಗೆ ಯಾಕೆ ಬರ್ತವೆ?"

ಅಷ್ಟು ಉದ್ದದ ಮಾತು ಅವರು ಆಡಿದ್ದನ್ನು ಹೆಂಡತಿಯೇ ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಮರ, ಪ್ಲಾಸ್ಟಿಕ್ ನಿಂಗರಾಜುವಿನದು, ಕೆಲಸ ಪುಟ್ಟಸ್ವಾಮಿಯದು ಅಂತ ಆಯಿತು. ನಾಲ್ಕು ದಿನದಲ್ಲಿ ರೂಮು ಎದ್ದಿತು. ಮೊದಲ ಸಲ ಒಳಗೆ ನಿಂತು ಬಣ್ಣ ಹೊಡೆದ ನಿಂಗರಾಜು ಹತ್ತೇ ನಿಮಿಷಕ್ಕೆ ಬೆಂದ ಗೆಣಸಿನ ಹಾಗೆ ಹೊರಕ್ಕೆ ಬಂದ. "ಅಣ್ಣಾ, ಇದು ರೂಮಲ್ಲ, ಇಡ್ಲಿ ಪಾತ್ರೆ!" ಫ್ಯಾನು ಚಿಕ್ಕದಾಗಿತ್ತು. ದೊಡ್ಡದು ಹಾಕಿದರು. ಅದನ್ನು ಚಾಲೂ ಮಾಡಿದ ಕೂಡಲೇ ಒಂದು ಕಡೆಯ ಪ್ಲಾಸ್ಟಿಕ್ ಕಿತ್ತುಕೊಂಡು ಹೋಗಿ ನಿಂತಿದ್ದ ಕಾರಿನ ಮೇಲೆ ಬಿತ್ತು. ಪುಟ್ಟಸ್ವಾಮಿ ಬೇಜಾರು ಮಾಡಿಕೊಳ್ಳಲಿಲ್ಲ. ರೀಪಿನ ಅಂತರ ಕಡಿಮೆ ಮಾಡಿ, ಮತ್ತೆ ಮೊಳೆ ಹೊಡೆದು, ಎರಡು ದಿನ ಅಲ್ಲೇ ಮುಕ್ಕಾಲು ಪಾಲು ಹೊತ್ತು ಕಳೆದರು. ಎಂಟೇ ಬೆರಳು ಉಳಿದ ಎರಡು ಕೈಯಲ್ಲಿ ಅವರು ಉಳಿ ತಿರುಗಿಸುವುದನ್ನು ನೋಡುತ್ತ ನಿಂಗರಾಜು ಸ್ಪ್ಯಾನರು ಹಿಡಿದು ನಿಂತೇ ಇರುತ್ತಿದ್ದನಂತೆ.

ಇಷ್ಟಾದರೂ ಜಯಲಕ್ಷ್ಮಮ್ಮ ಮನೆ ಒಪ್ಪಿಕೊಂಡಿರಲಿಲ್ಲ. ಮತ್ತೆ ಮೂರು ದಿನ ಪಂಚೆ ಹಾಸಿದರು. ಬೆಟ್ಟಮ್ಮನಿಗೆ ಈಗ ಅದೊಂದು ಆಟ. ಸಂಜೆ ಹಾಲು ಕರೆದು ತಾರಸಿ ಹತ್ತಿ, ಕನ್ನಡಕ ಹಾಕಿಕೊಂಡು ತಾವೂ ಪಂಚೆ ಪರೀಕ್ಷೆ ಮಾಡುವರು. ಮೊದಲ ದಿನ ಮೂರು ಚುಕ್ಕೆ. ಪ್ಲಾಸ್ಟಿಕ್ಕಿನ ಸಂದು ಹುಡುಕಿ ಮುಚ್ಚಿದರು. ಎರಡನೇ ದಿನ ಒಂದೂ ಇಲ್ಲ. ಮೂರನೇ ದಿನ ಬೇಕೆಂದೇ ನಿಂಗರಾಜು ಒಂದಿಡೀ ಕಾರಿಗೆ ನೀಲಿ ಬಣ್ಣ ಹೊಡೆದು, ತಾನೇ ಮೇಲೆ ಓಡಿಬಂದು ಮೊಣಕಾಲೂರಿ ನೋಡಿದ. ಪಂಚೆ ಬೆಳ್ಳಗಿತ್ತು.

"ಈಗೇನಕ್ಕಾ?"

"ಈಗ ನನ್ನವು ಮೂರು ಮಾತು" ಅಂದರು ಜಯಲಕ್ಷ್ಮಮ್ಮ. "ಬಣ್ಣ ಹೊಡೆಯೋದು ನಾಲ್ಕು ಗಂಟೆ ಮೇಲೆ. ಅಷ್ಟರಲ್ಲಿ ನಾನು ತಟ್ಟೆ ಇಳಿಸಿರ್ತೀನಿ. ಹಾರನ್ನು ಒತ್ತಿ ನೋಡೋದಾದ್ರೆ ಮೇನ್ ರೋಡಿಗೆ ಹೋಗಿ ಒತ್ತು. ಇನ್ನೊಂದು, ಮಾಸ್ಕು. ಅದಿಲ್ದೆ ಒಳಗೆ ಹೋದ್ರೆ ನಾನೇ ಬಂದು ಮೋಟ್ರು ಆಫ್ ಮಾಡ್ತೀನಿ."

"ನಂದೂ ಒಂದದೆ. ಮುಚ್ಚಳ ಇಲ್ದೆ ಒಂದು ಸಂಡಿಗೆನೂ ಒಣಗ್ಬಾರ್ದು."

"ಒಪ್ದೆ."

ಹರ್ಷಿತ ಭಾನುವಾರ ಬಂದು, ಪ್ಲಾಸ್ಟಿಕ್ ರೂಮಿನ ಒಳಗೂ ಹೊರಗೂ ಓಡಾಡಿ, ನಿಂಗರಾಜು ತಂದಿದ್ದ ಮಾಸ್ಕಿನ ಪೊಟ್ಟಣ ಓದಿ ನೋಡಿ, ಕೊನೆಗೆ "ಆಯ್ತಮ್ಮ" ಅಂದಳು. ಆದರೂ ಅಡುಗೆಮನೆಯ ಗ್ಯಾರೇಜ್ ಕಡೆಯ ಕಿಟಕಿ ಸಂಜೆ ಹೊತ್ತು ಮುಚ್ಚಿರಬೇಕು ಅಂತ ಹೇಳಿಯೇ ಹೋದಳು. ಸಂಕ್ರಾಂತಿ ಕಳೆದು ಎರಡು ದಿನಕ್ಕೆ ಹಾಲು ಉಕ್ಕಿಸಿದರು.

ಎಲ್ಲ ದಿನವೂ ಸರಿಹೋಯಿತು ಅಂತಲ್ಲ. ಫೆಬ್ರವರಿಯಲ್ಲಿ ಯಾರದೋ ಮದುವೆ ಕಾರು ಅವಸರ ಅಂತ ನಿಂಗರಾಜು ಎರಡು ಗಂಟೆಗೇ ಬಣ್ಣಕ್ಕೆ ಇಳಿದ. ಜಯಲಕ್ಷ್ಮಮ್ಮ ಮೇಲಿನಿಂದ ಒಂದು ಕೂಗು ಹಾಕಿದರು. ಅವನು ಕೇಳಿಸಲಿಲ್ಲ ಅಂದ. ಎರಡು ದಿನ ಮಾತಿಲ್ಲ. ಮೂರನೇ ದಿನ ಅವನು ಮೆಟ್ಟಿಲ ಬುಡದಲ್ಲಿ ನಿಂತು "ಅಕ್ಕಾ, ಕಾಫಿಪುಡಿ ಅದಾ?" ಅಂತ ಕೇಳಿದ. ಇದ್ದರೂ ಇಲ್ಲದಿದ್ದರೂ ಅವನಿಗೆ ಕಾಫಿಪುಡಿ ಬೇಕಾಗಿರಲಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ರಾಜಿಯಾಯಿತು.

ಮಾರ್ಚಿನಲ್ಲಿ ಹೊಸಹೊಳಲಿನ ಒಂದು ಮದುವೆಗೆ ಆರು ದೊಡ್ಡ ಡಬ್ಬಿ ಹಪ್ಪಳ ಹೋಗಬೇಕಿತ್ತು. ಅಲ್ಲಿಯವರೆಗೂ ಅವರು ಡಬ್ಬಿಗಳನ್ನು ಬಸ್ಸಿನಲ್ಲೇ ಒಯ್ಯುತ್ತಿದ್ದದ್ದು. ಆರು ಡಬ್ಬಿಗೆ ಬಸ್ಸಿನಲ್ಲಿ ಜಾಗ ಕೇಳಿ ಬೈಸಿಕೊಂಡು ಬಂದದ್ದನ್ನು ನೋಡಿ ನಿಂಗರಾಜು ಅಂದ: "ಬಾರಕ್ಕಾ, ಒಂದು ಗಾಡಿ ಟ್ರಯಲ್ ನೋಡ್ಬೇಕು. ಅಂಗೇ ಆಕ್ಕಂಡೋಗಣ." ರಿಪೇರಿಯಾದ ಕಾರನ್ನು ಒಂದಿಷ್ಟು ದೂರ ಓಡಿಸಿ ನೋಡುವುದು ಅವರ ಕಸುಬಿನಲ್ಲಿ ಇದ್ದದ್ದೇ. ಡಬ್ಬಿಗಳು ಹೊತ್ತಿಗೆ ಮುಂಚೆ ತಲುಪಿದವು.

ಮಾರನೇ ದಿನ ಕಾರಿನವರು ಬಂದರು. ಚಿಕ್ಕಮಾದಯ್ಯ ಅಂತ, ರಿಟೈರ್ಡ್ ಮೇಷ್ಟ್ರು. ಗಾಡಿ ಓಡಿಸಿ ನೋಡಿ, ಇಳಿದು, ಮತ್ತೆ ಹತ್ತಿ, ಮೂಗೇರಿಸಿದರು. "ಕ್ಲಚ್ಚೆಲ್ಲ ಚೆನ್ನಾಗದೆ ನಿಂಗರಾಜು. ಆದ್ರೆ ಇಂಗಿನ ವಾಸ್ನೆ ಯಾಕೆ?"

ನಿಂಗರಾಜು ಬಾಯಿಗೆ ಬಂದ ಹಾಗೆ ಏನೋ ಎಣ್ಣೆ, ಪಾಲಿಷು ಅಂತ ಶುರುಮಾಡಿದ. ಮೇಲಿನಿಂದ ಕೇಳಿಸಿಕೊಂಡ ಜಯಲಕ್ಷ್ಮಮ್ಮ ಇಳಿದು ಬಂದರು. "ಸಾರ್, ಅದು ನನ್ನ ಹಪ್ಪಳದ ವಾಸನೆ. ನಿಮ್ಮ ಗಾಡೀಲಿ ನಿನ್ನೆ ಹೊಸಹೊಳಲಿಗೆ ಹೋಗಿದ್ದೊ. ನಿಮ್ಮನ್ನ ಕೇಳ್ಬೇಕಾಗಿತ್ತು, ಕೇಳ್ಲಿಲ್ಲ, ತಪ್ಪಾಯ್ತು."

ಮೇಷ್ಟ್ರು ಅವರನ್ನೂ, ಗ್ರೀಸು ಮೆತ್ತಿದ ಮುಖವನ್ನು ತಗ್ಗಿಸಿ ನಿಂತ ನಿಂಗರಾಜುವನ್ನೂ ಒಂದು ಸಲ ನೋಡಿದರು. "ಹಪ್ಪಳ ಉಳಿದದೆಯಾ?" ಅಂದರು.

ಉಳಿದಿತ್ತು. ಕರಿದು ಕೊಟ್ಟರು. ಮೇಷ್ಟ್ರು ಎರಡು ಕಟ್ಟು ತೆಗೆದುಕೊಂಡು ಹೋದರು. ಆದರೆ ಅವರು ಹೋದ ಮೇಲೆ ಜಯಲಕ್ಷ್ಮಮ್ಮ ನಿಂಗರಾಜುವಿಗೆ ಖಡಾಖಂಡಿತ ಹೇಳಿದರು: "ಇನ್ಮೇಲೆ ಇನ್ನೊಬ್ಬರ ಗಾಡೀಲಿ ನನ್ನ ಒಂದು ಡಬ್ಬಿನೂ ಹೋಗ್ಬಾರ್ದು."

"ಅಂಗಾದ್ರೆ ನಿಮ್ದೇ ಒಂದು ಗಾಡಿ ಮಾಡ್ಕಳ್ಳಿ."

ಅವನು ತಮಾಷೆಗೆ ಅಂದದ್ದು. ಗ್ಯಾರೇಜಿನ ಹಿಂದೆ ಹುಲ್ಲು ಬೆಳೆದ ಮೂಲೆಯಲ್ಲಿ ಒಂದು ಹಳೆಯ ವ್ಯಾನು ನಿಂತಿತ್ತು. ಅದನ್ನೇ ತೋರಿಸಿ ನಕ್ಕ. ಜಯಲಕ್ಷ್ಮಮ್ಮ ನಗಲಿಲ್ಲ. ಹಿಂದಿನ ಬಾಗಿಲು ತೆಗೆಸಿ, ಒಳಗೆ ಎಷ್ಟು ಡಬ್ಬಿ ಹಿಡಿಸುತ್ತವೆ ಅಂತ ಎಣಿಸಿದರು. ಹದಿನಾಲ್ಕು.

ಆ ಬೇಸಿಗೆಯ ಸಂಡಿಗೆ ದುಡ್ಡೆಲ್ಲ ಆ ವ್ಯಾನಿಗೇ ಹೋಯಿತು. ಇಂಜಿನ್ನು ನಿಂಗರಾಜು ನೋಡಿಕೊಂಡ, ಒಳಗೆ ಡಬ್ಬಿ ಅಲ್ಲಾಡದಂತೆ ಪುಟ್ಟಸ್ವಾಮಿ ಮರದ ಗೂಡು ಮಾಡಿದರು. ಓಡಿಸುವವರು ಯಾರು ಅಂತ ಪ್ರಶ್ನೆ ಬಂದಾಗ ಪುಟ್ಟಸ್ವಾಮಿ ತಮ್ಮ ಎಡಗೈ ತೋರಿಸಿ ತಲೆಯಾಡಿಸಿದರು. "ಹಂಗಾದ್ರೆ ನಾನೇ" ಅಂದರು ಹೆಂಡತಿ. ಐವತ್ತೊಂದು ವರ್ಷ ಆಗ.

ಸ್ಕೂಲಿನ ಹಿಂದಿನ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ಕಲಿಕೆ. ಬ್ರೇಕು ಅಂದರೆ ಆಕ್ಸಿಲರೇಟರು ಒತ್ತುವರು, ನಿಂಗರಾಜು ಕಿಟಕಿ ಹಿಡಿದು ಪಕ್ಕದಲ್ಲಿ ಓಡುವನು. "ಅಕ್ಕಾ, ಕಾಲು ತೆಗೀರಿ! ಆ ಕಾಲಲ್ಲ, ಇನ್ನೊಂದು!" ವಾಕಿಂಗ್ ಬಂದವರೆಲ್ಲ ನಿಂತು ನೋಡುತ್ತಿದ್ದೆವು. ಹತ್ತನೇ ದಿನಕ್ಕೆ ನೇರ ಹೋದರು, ಇಪ್ಪತ್ತನೇ ದಿನಕ್ಕೆ ತಿರುಗಿಸಿದರು. ಲೈಸೆನ್ಸಿನ ಟೆಸ್ಟಿನಲ್ಲಿ ಮೊದಲ ಸಲ ನಪಾಸು, ಎರಡನೇ ಸಲ ಪಾಸು. ಬೆಟ್ಟಮ್ಮ ಆ ದಿನ ಗಿಣ್ಣು ಮಾಡಿ ಬೀದಿಗೆಲ್ಲ ಹಂಚಿದರು.

ಕಳೆದ ತಿಂಗಳು ನಾಗಮಂಗಲಕ್ಕೆ ಮೊದಲ ಲೋಡು. ಪುಟ್ಟಸ್ವಾಮಿ ಪಕ್ಕದ ಸೀಟಿನಲ್ಲಿ ಕುಳಿತು, ಎರಡು ಕೈಯಲ್ಲಿ ಮುಂದಿನ ಹಿಡಿಕೆ ಹಿಡಿದುಕೊಂಡರು. ಹಿಂದೆ ಬಂದ ಲಾರಿಗಳೆಲ್ಲ ಮುಂದೆ ಹೋದವು, ಟ್ರಾಕ್ಟರುಗಳು ಮುಂದೆ ಹೋದವು, ಕಬ್ಬು ತುಂಬಿದ ಒಂದು ಎತ್ತಿನ ಗಾಡಿಯನ್ನು ಮಾತ್ರ ಇವರು ಹಿಂದೆ ಹಾಕಿದರು. ಏರಿನಲ್ಲಿ ಎರಡು ಸಲ ಇಂಜಿನ್ನು ನಿಂತಿತು. ಎರಡು ಸಲವೂ ಜಯಲಕ್ಷ್ಮಮ್ಮ ದೇವರನ್ನು ನೆನೆಯದೆ, ನಿಂಗರಾಜು ಹೇಳಿಕೊಟ್ಟದ್ದನ್ನೇ ಬಾಯಲ್ಲಿ ಹೇಳಿಕೊಂಡು ಮತ್ತೆ ಹೊರಡಿಸಿದರು. ನಾಗಮಂಗಲ ತಲುಪುವವರೆಗೆ ಪುಟ್ಟಸ್ವಾಮಿ ಒಂದು ಮಾತೂ ಆಡಲಿಲ್ಲ. ಛತ್ರದ ಮುಂದೆ ವ್ಯಾನು ನಿಂತ ಮೇಲೆ, ಬೆವರು ಒರೆಸಿಕೊಂಡು, "ಬರೋವಾಗ ನಾನು ಬಸ್ಸಲ್ಲಿ ಬರ್ತೀನಿ" ಅಂದರು.

ಜಯಲಕ್ಷ್ಮಮ್ಮನಿಗೆ ನಗು ತಡೆಯಲಾಗಲಿಲ್ಲ. ಡಬ್ಬಿ ಇಳಿಸಿ, ಹೋಟೆಲಿನಲ್ಲಿ ಇಬ್ಬರೂ ಮಸಾಲೆ ದೋಸೆ ತಿಂದು ಹೊರಗೆ ಬಂದಾಗ, ನಿಲ್ದಾಣದಲ್ಲಿ ಪಾಂಡವಪುರದ ಬಸ್ಸು ಹೊರಡಲು ನಿಂತಿತ್ತು. ಪುಟ್ಟಸ್ವಾಮಿ ಬಸ್ಸನ್ನು ಒಂದು ಸಲ ನೋಡಿದರು, ಹೆಂಡತಿಯನ್ನು ಒಂದು ಸಲ ನೋಡಿದರು, ಆಮೇಲೆ ಹೋಗಿ ವ್ಯಾನಿನ ಬಾಗಿಲು ತೆಗೆದು ಕುಳಿತರು.